ಅಪ್‌ಡೇಟ್: 6 ಇಂಚಿನ ಕನ್ನಡಿಯ ಕುಳಿ ಅಳತೆಗೆ ಸಿಕ್ಕಿತು

ಕಲಬುರಗಿಯಿಂದ ಮತ್ತೆ ನಾನೇ. 150 ಮಿ.ಮೀ. ದೂರದರ್ಶಕದ ಕನ್ನಡಿಯನ್ನು 80 ನಂಬರ್‌ನ ಒರಟು ಪುಡಿಯಲ್ಲಿ ಉಜ್ಜಿ ಕುಳಿ ಮಾಡುವಾಗ ಎಲ್ಲಿ ನಿಲ್ಲಿಸಬೇಕು ಅಂತ ಕೇಳಿದ್ದೆ. ನೀವೆಲ್ಲ ಹೇಳಿದಂತೆ ಡಯಲ್ ಗೇಜನ್ನು (ಕಡ್ಡಿ ಎಷ್ಟು ಸರಿಯಿತೆಂದು ಮುಳ್ಳಿನಲ್ಲಿ ತೋರಿಸುವ ಮಾಪಕ) ಮೂರು ಕಾಲಿನ ಚೌಕಟ್ಟಿಗೆ ಕೂರಿಸಿದೆ. ಪ್ರತಿ ಕಾಲೂ ನಡುವಿನ ಗೇಜಿನ ಕಡ್ಡಿಯಿಂದ 50 ಮಿ.ಮೀ. ದೂರ. ವಕ್ರತಾ ತ್ರಿಜ್ಯ (ಕುಳಿ ಯಾವ ಗೋಳದ ತುಣುಕೋ ಅದರ ತ್ರಿಜ್ಯ) 2400 ಮಿ.ಮೀ. ಬೇಕಾದರೆ ಗೇಜು 0.52 ಮಿ.ಮೀ. ಆಳ ತೋರಿಸಬೇಕು. ಮೊದಲು ಸಮತಟ್ಟಾದ ಮೇಲ್ಮೈ ಮೇಲಿಟ್ಟು ಗೇಜನ್ನು ಸೊನ್ನೆಗೆ ಹೊಂದಿಸಲು ಶಹಾಬಾದ್ ಕಲ್ಲು ಬೇಡವೇ ಬೇಡ, ದಪ್ಪ ಗಾಜೇ ಸರಿ. ಮುಳ್ಳು ಒಂದೇ ಗೆರೆ, ಅಂದರೆ 0.01 ಮಿ.ಮೀ., ಆಚೀಚೆಯಾದರೂ ತ್ರಿಜ್ಯ ಸುಮಾರು 45 ಮಿ.ಮೀ. ಜಾರುತ್ತದೆ!

ಅದಕ್ಕೇ ಬಿಸಿಲಲ್ಲೂ ನೋಡಿದೆ. ಕನ್ನಡಿ ಒದ್ದೆ ಮಾಡಿ ಸೂರ್ಯನ ಬಿಂಬವನ್ನು ಗೋಡೆಗೆ ಬಿಟ್ಟರೆ ತ್ರಿಜ್ಯದ ಅರ್ಧವಾದ ನಾಭಿದೂರ, ಅಂದರೆ 1200 ಮಿ.ಮೀ. ಹತ್ತಿರವೇ ಅದು ಅತಿ ಚಿಕ್ಕದಾಯಿತು. ನಮ್ಮ ಕಡೆಯ ಬಿಸಿಲಿಗೆ ನೀರು ಬೇಗ ಆರುತ್ತದೆ, ಒಂದಿಷ್ಟು ಗ್ಲಿಸರಿನ್ ಬೆರೆಸಿಕೊಳ್ಳಿ. ಈಗ ಅದಕ್ಕಿಂತ ನಯವಾದ 120ರ ಪುಡಿ ಹಿಡಿದಿದ್ದೇನೆ.