ಚೆನ್ನಾಗಿದ್ದೂ ಕೊರತೆಯುಳ್ಳ ಚಿತ್ರಗಳನ್ನು ವಿಮರ್ಶಿಸುವುದು ಹೇಗೆ?

ಹಾಸನದ ಪ್ರೇಕ್ಷಕ:
ಎಲ್ಲರಿಗೂ ನಮಸ್ಕಾರ. ನಾನು ಸಣ್ಣ ಮಾಸಪತ್ರಿಕೆಯೊಂದಕ್ಕೆ ಚಿತ್ರವಿಮರ್ಶೆ ಬರೆಯುತ್ತೇನೆ. ಅತ್ಯುತ್ತಮ ಚಿತ್ರಗಳ ಬಗ್ಗೆಯಾಗಲಿ, ತೀರ ಕಳಪೆ ಚಿತ್ರಗಳ ಬಗ್ಗೆಯಾಗಲಿ ಬರೆಯುವಾಗ ನನಗೆ ತೊಡಕಾಗುವುದಿಲ್ಲ. ಮೆಚ್ಚಿಕೊಂಡೂ ಅಸಮಾಧಾನ ಉಳಿಯುವ ಚಿತ್ರಗಳ ಮುಂದೆ ಮಾತ್ರ ಕೈ ತಡೆಯುತ್ತದೆ. ಈ ತಿಂಗಳು 1972ರ ‘ನಾಗರಹಾವು’ ಮತ್ತು 2022ರ ‘ಕಾಂತಾರ’ ಎರಡನ್ನೂ ಮತ್ತೆ ನೋಡಿ ಬರೆಯಲು ಕುಳಿತಾಗ, ಮೊದಲರ್ಧ ಗುಣಗಳ ಪಟ್ಟಿಯೂ ಉಳಿದರ್ಧ ದೋಷಗಳ ಪಟ್ಟಿಯೂ ಆಗಿ, ನನ್ನ ನಿಲುವೇನೆಂಬುದೇ ಕಾಣದಾಯಿತು. ಹಳೆಯ ಚಿತ್ರಕ್ಕೆ ರಿಯಾಯಿತಿ ಕೊಡಬೇಕೇ ಎಂಬ ಪ್ರಶ್ನೆಯೂ ಕಾಡುತ್ತಿದೆ. ಅನುಭವಿಗಳು ದಯವಿಟ್ಟು ತಿಳಿಸಬೇಕು.

ದುರ್ಗದ ಓದುಗಿ:
ಪ್ರತಿಯೊಂದು ದೋಷ ಎಲ್ಲಿಂದ ಹುಟ್ಟಿತು ಎಂದು ಕೇಳಿಕೊಳ್ಳುವುದರಿಂದ ನನಗೆ ಪ್ರಯೋಜನವಾಗಿದೆ. ‘ನಾಗರಹಾವು’ ಚಿತ್ರದಲ್ಲಿ ಪುಟ್ಟಣ್ಣ ಕಣಗಾಲ್ ಅವರು ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಒಂದೇ ಚಿತ್ರಕ್ಕೆ ಇಳಿಸಿದ್ದಾರೆ. ನಾಯಕ ರಾಮಾಚಾರಿ ಮೊದಲು ಪ್ರೀತಿಸುವ ಅಲಮೇಲುವಿನ ಕಥೆ ಸಾವಧಾನವಾಗಿ ಬೆಳೆಯುತ್ತದೆ, ಆಮೇಲೆ ಅವನ ಬಾಳಿಗೆ ಬರುವ ಮಾರ್ಗರೆಟ್‌ಳ ಕಥೆಯಾದರೋ ಧಾವಿಸುತ್ತದೆ; ಆದ್ದರಿಂದಲೇ ಬೆಟ್ಟದ ಮೇಲಿನ ಕೊನೆಯ ದುರಂತದಲ್ಲಿ ನನ್ನ ಕಣ್ಣು ತುಂಬುವುದು ಚಾಮಯ್ಯ ಮೇಷ್ಟ್ರಿಗಾಗಿ, ರಾಮಾಚಾರಿ-ಮಾರ್ಗರೆಟ್ ಜೋಡಿಗಾಗಿ ಅಲ್ಲ. ಇದು ಕಾಲದ ಮಿತಿಯಲ್ಲ, ಚಿತ್ರಕಥೆಯ ಆಯ್ಕೆ. ಇದಕ್ಕೆ ರಿಯಾಯಿತಿ ಬೇಕಿಲ್ಲ.

ಆದರೆ ಒನಕೆ ಓಬವ್ವನ ಹಾಡನ್ನು ನೋಡಿ. ಕಥೆಯ ಓಟಕ್ಕೆ ಅದು ಅಡ್ಡವೇ ಸರಿ. ಅದನ್ನು ತೆಗೆದರೂ ರಾಮಾಚಾರಿಯ ಬದುಕಿನಲ್ಲಿ ಒಂದು ಘಟನೆಯೂ ಕಡಿಮೆಯಾಗದು. ಹಾಗಿದ್ದರೂ ಜಯಂತಿ ಅವರು ಒನಕೆ ಹಿಡಿದು ನಿಲ್ಲುವ ಆ ಕೆಲವು ನಿಮಿಷಗಳಿಂದಲೇ ಚಿತ್ರದುರ್ಗದ ಕೋಟೆ ಬರಿಯ ಹಿನ್ನೆಲೆಯಾಗಿ ಉಳಿಯದೆ, ಆ ಹಟಮಾರಿ ಹುಡುಗನನ್ನು ಬೆಳೆಸಿದ ನೆಲವಾಗಿ ಕಾಣತೊಡಗುತ್ತದೆ. ಇಂಥದ್ದನ್ನು ದೋಷವೆಂದು ಬರೆದು ಮುಂದೆ ಹೋದರೆ ಚಿತ್ರಕ್ಕೆ ಅನ್ಯಾಯವಾಗುತ್ತದೆ. (ನಾನು ಚಿತ್ರದುರ್ಗದವಳು, ಈ ಮಾತಿನಲ್ಲಿ ಊರಿನ ಮೋಹ ಸ್ವಲ್ಪ ಬೆರೆತಿರಬಹುದು.)

ಕರಾವಳಿಯ ಬರಹಗಾರ:
‘ಕಾಂತಾರ’ದ ಬಗ್ಗೆ ನನ್ನದೊಂದು ಮಾತು. ಕೊನೆಯ ಭಾಗದಲ್ಲಿ ರಿಷಬ್ ಶೆಟ್ಟಿ ಅವರ ಅಭಿನಯ, ಅಜನೀಶ್ ಲೋಕನಾಥ್ ಅವರ ಸಂಗೀತ ಮತ್ತು ದೈವಾರಾಧನೆಯ ಆವರಣ ಒಂದಾಗಿ ಎಷ್ಟು ಬಲವಾಗಿ ತಟ್ಟುತ್ತವೆಯೆಂದರೆ, ಚಿತ್ರಮಂದಿರದಿಂದ ಹೊರಬರುವಾಗ ನಡುವಿನ ಸಡಿಲತೆ ಮರೆತೇ ಹೋಗಿರುತ್ತದೆ. ವಿಮರ್ಶಕ ಅದನ್ನು ಮರೆಯಬಾರದು. ನಾಯಕ ಶಿವ ನಾಯಕಿ ಲೀಲಾಳ ಸೊಂಟ ಚಿವುಟುವುದನ್ನು ಚಿತ್ರ ತಮಾಷೆಯಾಗಿ ತೋರಿಸುವುದು ನನಗೆ ಬೇಸರ ತಂದಿತು. ಅದಕ್ಕಿಂತ ದೊಡ್ಡ ನಷ್ಟ ಬೇರೆಯಿದೆ. ಅರಣ್ಯ ಇಲಾಖೆಯ ಸಮವಸ್ತ್ರ ತೊಟ್ಟ ಲೀಲಾ, ತನ್ನದೇ ಊರಿನ ಜನರೆದುರು ಬೇಲಿಯ ಆಚೆ ನಿಲ್ಲಬೇಕಾದ ಸಂದರ್ಭ ಇಡೀ ಕಥೆಯ ಸಂಘರ್ಷವನ್ನು ಒಬ್ಬಳೇ ವ್ಯಕ್ತಿಯೊಳಗೆ ತಂದಿಡುತ್ತದೆ. ಚಿತ್ರ ಅದನ್ನು ಮುಟ್ಟಿ, ಅಲ್ಲಿ ನಿಲ್ಲದೆ ಮುಂದೆ ಸಾಗುತ್ತದೆ. ದೋಷವನ್ನು ಹೇಳುವಾಗ ಚಿತ್ರದೊಳಗೇ ಇದ್ದ ಇಂಥ ಸಾಧ್ಯತೆಯನ್ನು ತೋರಿಸಿದರೆ, ಓದುಗರಿಗೆ ಅದು ಕೊಂಕಾಗಿ ಕೇಳಿಸುವುದಿಲ್ಲ.

ರಿಯಾಯಿತಿಯ ವಿಷಯದಲ್ಲಿ ದುರ್ಗದ ಓದುಗಿ ಅವರ ಮಾತಿಗೆ ನನ್ನ ಸಹಮತವಿದೆ. 1972ರ ಧ್ವನಿಮುದ್ರಣವನ್ನು ಇಂದಿನದರೊಂದಿಗೆ ಹೋಲಿಸುವುದು ಸರಿಯಲ್ಲ. ಪಾತ್ರವೊಂದಕ್ಕೆ ಸಿಗಬೇಕಾದ ನ್ಯಾಯ ಮಾತ್ರ ಎರಡು ಕಾಲಕ್ಕೂ ಒಂದೇ.

ಹಾಸನದ ಪ್ರೇಕ್ಷಕ:
ಇಬ್ಬರಿಗೂ ಕೃತಜ್ಞತೆಗಳು. ಲೀಲಾ ಮತ್ತು ಮಾರ್ಗರೆಟ್, ಇಬ್ಬರ ಕಥೆಯನ್ನೂ ಚಿತ್ರಗಳು ಅವಸರದಲ್ಲಿ ದಾಟಿಹೋಗಿವೆ ಎಂಬುದು ನಿಮ್ಮ ಉತ್ತರಗಳನ್ನು ಒಟ್ಟಿಗೆ ಓದಿದಾಗಲೇ ನನಗೆ ಹೊಳೆಯಿತು. ಎರಡು ಪಟ್ಟಿಗಳನ್ನೂ ಬದಿಗಿಟ್ಟು, ಈ ಇಬ್ಬರು ಹೆಣ್ಣುಮಕ್ಕಳಿಂದಲೇ ಲೇಖನವನ್ನು ಆರಂಭಿಸುತ್ತೇನೆ.