ರಕ್ತದ ಪಾಠ ಓದಿದ್ದೇನೆ, ಇನ್ನೂ ಕೊಟ್ಟಿಲ್ಲ. ಕೊಟ್ಟವರು ಅನುಭವ ಹೇಳಿ

ಎರಡನೇ ವರ್ಷದ ವಿದ್ಯಾರ್ಥಿ:
ಎಂಬಿಬಿಎಸ್ ಎರಡನೇ ವರ್ಷದಲ್ಲಿದ್ದೇನೆ. ಮುಂದಿನ ವಾರ ಕಾಲೇಜಿನಲ್ಲಿ ರಕ್ತದಾನ ಕ್ಯಾಂಪ್ ಇದೆ. ಅದಾದ ನಾಲ್ಕನೇ ದಿನಕ್ಕೆ ಪ್ರಾಕ್ಟಿಕಲ್. ತೂಕ 51 ಕೆಜಿ. ಸೂಜಿ ನೋಡಿದರೆ ಕೈ ಬೆವರುತ್ತದೆ. ಈಗಲೇ ಕೊಡಲೋ, ಪರೀಕ್ಷೆ ಮುಗಿಸಿ ಕೊಡಲೋ?

ಕೊನೆಯ ವರ್ಷದ ವಿದ್ಯಾರ್ಥಿನಿ:
ನನ್ನ ಮೊದಲ ಸಲದ ಹಿಂದಿನ ರಾತ್ರಿ ಮೂರು ಗಂಟೆಯವರೆಗೆ ಓದಿದ್ದೆ. ಬೆಳಿಗ್ಗೆ ಏನೂ ತಿಂದಿರಲಿಲ್ಲ. ಎಂಟು ನಿಮಿಷಕ್ಕೆ ಚೀಲ ತುಂಬಿತು, ಆಗ ಏನೂ ಅನ್ನಿಸಲಿಲ್ಲ. ಸ್ವಲ್ಪ ಹೊತ್ತು ಮಲಗಿರಮ್ಮ ಅಂದರು. ಕ್ಲಾಸಿಗೆ ಹೊತ್ತಾಗಿತ್ತು, ಎರಡೇ ನಿಮಿಷಕ್ಕೆ ಎದ್ದೆ. ಬಾಗಿಲ ಹತ್ತಿರ ಕಿವಿ ಗುಂಯ್ ಅಂದಿತು, ಕಣ್ಣು ಕತ್ತಲೆ ಬಂತು. ಎಚ್ಚರವಾದಾಗ ಗದ್ದ ಒಡೆದಿತ್ತು. ಮೂರು ಹೊಲಿಗೆ. ಮಧ್ಯಾಹ್ನದ ಇಂಟರ್ನಲ್ಸ್ ತಪ್ಪಿತು, ಮತ್ತೆ ಬರೆಯಲು ಬಿಡಲಿಲ್ಲ. ಆ 20 ಅಂಕ ವರ್ಷದ ಕೊನೆಯವರೆಗೂ ಕಾಡಿತು. ಮೊದಲ ಸಲ ಕೊಡುವವರು, ಚಿಕ್ಕ ವಯಸ್ಸಿನವರು, ತೂಕ ಕಡಿಮೆ ಇರುವವರಿಗೇ ತಲೆಸುತ್ತು ಜಾಸ್ತಿ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೀಗಾಯಿತಲ್ಲ ಎಂಬ ಸಂಕಟ ಇನ್ನೂ ಹೋಗಿಲ್ಲ. ಎರಡು ವರ್ಷ ಆ ಕಡೆ ತಲೆ ಹಾಕಲಿಲ್ಲ. ಆಮೇಲೆ ಹೋದಾಗ ಹೊಟ್ಟೆ ತುಂಬ ತಿಂದು, ಅರ್ಧ ಲೀಟರ್ ನೀರು ಕುಡಿದು ಹೋದೆ. ಮಲಗಿದ್ದಾಗ ತೊಡೆ ಬಿಗಿ ಹಿಡಿಯುವುದು, ಬಿಡುವುದು ಮಾಡುತ್ತಿದ್ದೆ. ಹದಿನೈದು ನಿಮಿಷ ಆಗುವವರೆಗೆ ಏಳಲಿಲ್ಲ. ಏನೂ ಆಗಲಿಲ್ಲ.

ಪಿಜಿ (ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿ), 17 ಸಲ ಕೊಟ್ಟವನು:
ಇಂಥದ್ದನ್ನೇ ಹೇಳಿ ಹೊಸಬರನ್ನು ಹೆದರಿಸಬೇಡಿ. ನಾನು ಓ ನೆಗೆಟಿವ್. ಮೊದಲ ಸಲ ಕೊಟ್ಟದ್ದು ಹೆರಿಗೆ ವಾರ್ಡಿನ ಪೋಸ್ಟಿಂಗ್‌ನಲ್ಲಿ. ಒಬ್ಬ ತಾಯಿಗೆ ಹೆರಿಗೆಯಾದ ಮೇಲೆ ರಕ್ತ ನಿಲ್ಲುತ್ತಿರಲಿಲ್ಲ. ಬ್ಲಡ್ ಬ್ಯಾಂಕಿನವರು ಇದ್ದ ಯೂನಿಟ್ ಕೊಟ್ಟು, ಬದಲಿಗೆ ಜನ ಕರೆತನ್ನಿ ಎಂದಿದ್ದರು. ಗಂಡ ಫೋನ್ ಹಿಡಿದು ಒಬ್ಬೊಬ್ಬರನ್ನೇ ಬೇಡುತ್ತಿದ್ದ. ನಮ್ಮ ಬ್ಯಾಚಿನ ಹನ್ನೊಂದು ಜನ ಅಲ್ಲೇ ನಿಂತಿದ್ದೆವು. ರಕ್ತ ಕೊಡಲು ಎಚ್‌ಬಿ, ಅಂದರೆ ಹಿಮೋಗ್ಲೋಬಿನ್, 12.5 ಇರಬೇಕು ಅಂತ ಹನ್ನೊಂದು ಜನಕ್ಕೂ ಗೊತ್ತು. ಒಬ್ಬನಿಗೆ ಜಿಮ್, ಒಬ್ಬಳಿಗೆ ಮನೆಯಲ್ಲಿ ಬೇಡ ಅಂದಿದ್ದಾರೆ, ಇನ್ನೊಬ್ಬನಿಗೆ ನಾಳೆ ನೋಡೋಣ. ಹೋದದ್ದು ನಾನೊಬ್ಬನೇ. ಅವತ್ತಿನ ಸಿಟ್ಟು ಇವತ್ತಿಗೂ ಆರಿಲ್ಲ. ನಮಗೆ ತಿಳಿವಳಿಕೆ ಸಾಲದು ಅಂತ ಯಾರೂ ಹೇಳಬೇಡಿ. ಉಳಿದದ್ದೆಲ್ಲ ಕುಂಟು ನೆಪ.

ಮೂರನೇ ವರ್ಷದ ವಿದ್ಯಾರ್ಥಿನಿ:
ಕುಂಟು ನೆಪ ಅನ್ನುವ ಮಾತು ವಾಪಸ್ ತಗೊಳ್ಳಿ ಸರ್. ನಾನು ಹದಿನಾಲ್ಕು ತಿಂಗಳಲ್ಲಿ ನಾಲ್ಕು ಸಲ ಕೊಟ್ಟವಳು. ಪ್ರತಿ ಸಲ ಎಚ್‌ಬಿ ಸರಿಯಾಗಿಯೇ ಇತ್ತು. ನಾಲ್ಕನೆಯದಾದ ಮೇಲೆ ಎರಡು ಮಹಡಿ ಹತ್ತಿದರೆ ಏದುಸಿರು. ತಲೆ ಬಾಚಿದರೆ ಕೈ ತುಂಬ ಕೂದಲು. ಓದಲು ಕೂತರೆ ಪುಟ ತಿರುಗುತ್ತಿರಲಿಲ್ಲ. ದೇಹದಲ್ಲಿ ಕಬ್ಬಿಣದ ಸಂಗ್ರಹ ಎಷ್ಟಿದೆ ಎಂದು ತೋರಿಸುವ ಫೆರಿಟಿನ್ ನೋಡಿದರೆ 9, ತೀರಾ ಕಡಿಮೆ. 450 ಮಿಲಿ ರಕ್ತದ ಜೊತೆ ಸುಮಾರು 200 ಮಿಲಿಗ್ರಾಂ ಕಬ್ಬಿಣ ಹೋಗುತ್ತದೆ. ದೇಹ ಊಟದಿಂದ ಹೀರಿಕೊಳ್ಳುವುದು ದಿನಕ್ಕೆ ಒಂದೆರಡು ಮಿಲಿಗ್ರಾಂ ಅಷ್ಟೇ. ತಿಂಗಳು ತಿಂಗಳು ಮುಟ್ಟಾಗುವವರಿಗೆ ಅದು ತುಂಬುವುದು ಯಾವಾಗ? ಎಚ್‌ಬಿ ಸರಿಯಿದೆ ಅಂದರೆ ಸಂಗ್ರಹ ಇದೆ ಅಂತಲ್ಲ. ಆರು ತಿಂಗಳು ಕಬ್ಬಿಣದ ಮಾತ್ರೆ ನುಂಗಿದೆ. ಮೊದಲು ದಿನಾ ತಗೊಂಡೆ, ಹೊಟ್ಟೆ ಕಟ್ಟಿ ನರಕ. ಆಮೇಲೆ ದಿನ ಬಿಟ್ಟು ದಿನ. ಈಗ 34ಕ್ಕೆ ಬಂದಿದೆ.

ಪಿಜಿ:
ನಾಲ್ಕು ಸಲ ಕೊಡಿ ಅಂತ ನಿಮಗೆ ಯಾರು ಹೇಳಿದರು?

ಮೂರನೇ ವರ್ಷದ ವಿದ್ಯಾರ್ಥಿನಿ:
ಕ್ಯಾಂಪಿನಲ್ಲಿ ಮೈಕ್ ಹಿಡಿದು 'ಕೊಟ್ಟಷ್ಟೂ ಹೊಸ ರಕ್ತ' ಅಂದವರು. ಅವರೂ ನಿಮ್ಮ ಹಾಗೆ ಲೆಕ್ಕ ಹೇಳುತ್ತಿದ್ದರು.

ಹೌಸ್ ಸರ್ಜನ್:
ಕೊಡದೆ ವಾಪಸ್ ಬಂದವನ ಮಾತೂ ಇರಲಿ. ರಾತ್ರಿ ಡ್ಯೂಟಿಯಲ್ಲಿ ರೋಗಿಗೆ ಬಳಸಿದ ಸೂಜಿ ಬೆರಳಿಗೆ ಚುಚ್ಚಿತ್ತು. ರೋಗಿಯ ವೈರಸ್ ವರದಿ ನೆಗೆಟಿವ್, ನನ್ನದೂ ನೆಗೆಟಿವ್. ಆರು ವಾರಕ್ಕೆ ಕ್ಯಾಂಪ್ ಬಂತು. ಫಾರ್ಮ್‌ನಲ್ಲಿ ನಿಜ ಬರೆದೆ, ಈಗ ಬೇಡ ಎಂದು ಕಳಿಸಿದರು. ಗೆಳೆಯರು, "ಬರೆಯಬಾರದಿತ್ತು ಕಣೋ, ಹೇಗೂ ಟೆಸ್ಟ್ ಮಾಡುತ್ತಾರೆ" ಅಂದರು. ವೈರಸ್ ಒಳಗಿದ್ದೂ ಟೆಸ್ಟಿಗೆ ಸಿಗದ ದಿನಗಳು ಇರುತ್ತವೆ ಅಂತ ವೈವಾದಲ್ಲಿ ಹೇಳಿದವರೇ ಇವರು. ವೈರಸ್ಸಿನ ಜೀನನ್ನೇ ಹುಡುಕುವ ನ್ಯಾಟ್ ಪರೀಕ್ಷೆ ಆ ದಿನಗಳನ್ನು ಕಡಿಮೆ ಮಾಡುತ್ತದೆ, ಪೂರ್ತಿ ತೆಗೆಯುವುದಿಲ್ಲ. ರಕ್ತ ಕೊಟ್ಟವರಿಗೆ ಸಿಗುವ ಹಾಜರಾತಿ ಸಿಗಲಿಲ್ಲ ನನಗೆ. ಆದರೂ ಬರೆದದ್ದಕ್ಕೆ ಹೆಮ್ಮೆಯಿದೆ.

ಬ್ಲಡ್ ಬ್ಯಾಂಕಿನಲ್ಲಿ ಕೆಲಸ ಮಾಡುವವಳು:
ಹಾಜರಾತಿ ಕೊಡುತ್ತಾರಾ? ಹಾಗಾದರೆ ಅದು ಸ್ವಯಂಪ್ರೇರಿತ ಹೇಗಾಯಿತು?

ಪಿಜಿ:
ಕ್ಲಾಸ್ ತಪ್ಪಿಸಿ ಬಂದವರಿಗೆ ಆ ಒಂದು ಗಂಟೆಯ ಹಾಜರಾತಿ ಕೊಡುವುದರಲ್ಲಿ ಏನು ತಪ್ಪು? ದುಡ್ಡು ಕೊಡುತ್ತಿಲ್ಲವಲ್ಲ. ನಮ್ಮ ಕ್ಯಾಂಪಿಗೆ ಮೊದಲು 30 ಜನ ಬರುತ್ತಿದ್ದರು, ಈಗ 140.

ಬ್ಲಡ್ ಬ್ಯಾಂಕಿನಲ್ಲಿ ಕೆಲಸ ಮಾಡುವವಳು:
ಹಾಜರಾತಿಗೆ ಬಂದವನು ಫಾರ್ಮ್‌ನಲ್ಲಿ ನಿಜ ಬರೆಯುತ್ತಾನೆಯೇ? ಮೊಡವೆಗೆ ಐಸೊಟ್ರೆಟಿನೊಯಿನ್ ನುಂಗುತ್ತಿದ್ದರೂ ಇಲ್ಲ ಎಂದು ಬರೆದ ಹುಡುಗ ನನಗೇ ಸಿಕ್ಕಿದ್ದ. ಆ ಔಷಧ ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ, ಆ ರಕ್ತ ಗರ್ಭಿಣಿಗೆ ಹೋದರೆ? ಇನ್ನೊಂದು. ನಿಮ್ಮ 140 ಜನ ಬರುವುದು ಜೂನ್ 14ರ ವಿಶ್ವ ರಕ್ತದಾನಿಗಳ ದಿನಕ್ಕೆ, ಒಂದೇ ದಿನ. ಪ್ಲೇಟ್‌ಲೆಟ್ ಐದು ದಿನಕ್ಕೆ ಮುಗಿಯುತ್ತದೆ. ಕೆಂಪು ಕಣ ಚೀಲದ ದ್ರಾವಣ ನೋಡಿ 35 ಅಥವಾ 42 ದಿನ. ಪರೀಕ್ಷೆ, ರಜೆ ಬಂತೆಂದರೆ ಫ್ರಿಜ್ ಖಾಲಿ. ಆಗ ಫೋನ್ ಮಾಡಿದರೆ ನಿಮ್ಮಲ್ಲಿ ಒಬ್ಬರೂ ಎತ್ತುವುದಿಲ್ಲ.

ಪಿಜಿ:
ನಾನು ಎತ್ತುತ್ತೇನೆ ಮೇಡಂ. ರಾತ್ರಿ ಎರಡು ಗಂಟೆಗೂ ಬಂದಿದ್ದೇನೆ. ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಎರಡನೇ ವರ್ಷದ ವಿದ್ಯಾರ್ಥಿ:
ಪರೀಕ್ಷೆ ಮುಗಿದ ಮರುದಿನ ಬ್ಲಡ್ ಬ್ಯಾಂಕಿಗೇ ಹೋಗುತ್ತೇನೆ, ಹೇಗೂ ಆಗ ಕೊಡುವವರು ಕಡಿಮೆ ಅಂದರಲ್ಲ. ಫೆರಿಟಿನ್ ವಿಷಯ ಹೇಳಿದ ಅಕ್ಕ, ನಾನೂ ಮೊದಲೇ ಆ ಟೆಸ್ಟ್ ಮಾಡಿಸಬೇಕಾ?

ಮೂರನೇ ವರ್ಷದ ವಿದ್ಯಾರ್ಥಿನಿ:
ಮೊದಲ ಸಲಕ್ಕೆ ಅವರು ಎಚ್‌ಬಿ ನೋಡುತ್ತಾರೆ, ಸಾಕು. ಮತ್ತೆ ಮತ್ತೆ ಕೊಡುವ ಮನಸ್ಸಿದ್ದರೆ ಎರಡನೆಯದಕ್ಕೆ ಮುಂಚೆ ಮಾಡಿಸು. ಹಿಂದಿನ ರಾತ್ರಿ ನಿದ್ದೆ ಮಾಡು.