ಕಕ್ಕೆ ಗಿಡದ ಹಸಿರು ಹುಳುಗಳಿಗೆ ಔಷಧ ಹೊಡೆಯಬೇಕೇ?

ಪ್ರಶ್ನೆ (ಸಿಂಧನೂರು):
ಚಿಟ್ಟೆಗಳು ಬರುತ್ತವೆಂದು ಕೇಳಿ ಮೂರು ವರ್ಷಗಳ ಹಿಂದೆ ಮನೆಯ ಮುಂದೆ ಕಕ್ಕೆ ಸಸಿಯೊಂದನ್ನು ನೆಟ್ಟೆ. ನಮ್ಮದು ಅಪ್ಪಟ ಎರೆ ನೆಲ. ಗಿಡ ನನ್ನೆತ್ತರಕ್ಕೆ ಬಂದಿದೆಯಾದರೂ ಇನ್ನೂ ಹೂ ಬಿಟ್ಟಿಲ್ಲ. ಮಳೆ ಬಿದ್ದು ಚಿಗುರೊಡೆದ ಕೂಡಲೇ ಹಸಿರು ಹುಳುಗಳು ಮುತ್ತಿ, ನಡುವಿನ ಕಡ್ಡಿಯನ್ನಷ್ಟೇ ಉಳಿಸಿ ಎಲೆಯನ್ನೆಲ್ಲ ತಿಂದುಹಾಕುತ್ತವೆ. ಅಂಗಡಿಯವರು ಹತ್ತಿಗೆ ಹೊಡೆಯುವ ಔಷಧವನ್ನೇ ಕೊಟ್ಟರು. ಎರಡು ಸಲ ಹೊಡೆದ ಮೇಲೆ ಹುಳುಗಳು ಸತ್ತವು, ಆದರೆ ಚಿಟ್ಟೆಗಳ ಸುಳಿವೇ ಇಲ್ಲ. ಬೇರೆ ಗಿಡ ನೆಡಬೇಕೇ?

ಉತ್ತರ (ರಾಯಚೂರು):
ತಾವು ಕೊಂದಿದ್ದು ಚಿಟ್ಟೆಯ ಮರಿಗಳನ್ನೇ ಇರಬೇಕು. ಹುಳುವಿನ ಮೈಬದಿಯಲ್ಲಿ ಉದ್ದಕ್ಕೂ ಬಿಳಿ-ಹಳದಿ ಗೆರೆಯೂ ಅದರಂಚಿಗೆ ಕಪ್ಪು ಚುಕ್ಕೆಗಳೂ ಇದ್ದರೆ, ಅದು ಎಮಿಗ್ರೆಂಟ್ ಎಂದು ಕರೆಯುವ ತಿಳಿಹಳದಿ ಚಿಟ್ಟೆಯ ಮರಿ. ಈ ಚಿಟ್ಟೆ ಕಕ್ಕೆ, ತಂಗಡಿಯಂಥ ಗಿಡಗಳ ಎಳೆ ಎಲೆಯ ಮೇಲೆ ಒಂದೊಂದಾಗಿ ಬಿಳಿ ಮೊಟ್ಟೆಯಿಡುತ್ತದೆ. ಎಲೆ ಬೋಳಾದರೂ ಬೇರು ಗಟ್ಟಿಯಾಗಿರುವ ಗಿಡ ಮತ್ತೆ ಚಿಗುರುತ್ತದೆ, ಆದ್ದರಿಂದ ಔಷಧ ನಿಲ್ಲಿಸಿ. ಹೂವಿನ ವಿಷಯದಲ್ಲಿ ಮಾತ್ರ ಹೆಚ್ಚು ಆಸೆ ಬೇಡ: ಬೇಸಿಗೆಯಲ್ಲಿ ತೂಗುವ ಆ ಹಳದಿ ಗೊಂಚಲುಗಳಿಗೆ ಪರಾಗಕ್ಕಾಗಿ ಗುಂಯ್‌ಗುಟ್ಟುತ್ತ ಬರುವುದು ಹೆಚ್ಚಾಗಿ ದೊಡ್ಡ ಕಪ್ಪು ದುಂಬಿಗಳು. ಚಿಟ್ಟೆಗೆ ಕಕ್ಕೆ ತೊಟ್ಟಿಲಿದ್ದಂತೆ, ಊಟಕ್ಕೆ ಅದು ಬೇರೆಡೆ ಹೋಗುತ್ತದೆ.

ಉತ್ತರ (ಗಂಗಾವತಿ):
ಆ ಊಟಕ್ಕೆ ರತ್ನಗಂಧಿಯನ್ನು ಪಕ್ಕದಲ್ಲಿ ನೆಡಿ. ಅದು ಮರವೆನ್ನುವಷ್ಟು ದೊಡ್ಡದಾಗುವುದಿಲ್ಲ, ಎರಡಾಳೆತ್ತರಕ್ಕೆ ನಿಲ್ಲುತ್ತದೆ. ಹೂವಿನಿಂದ ಹೊರಚಾಚಿದ ಕೆಂಪು ಕೇಸರಗಳು ಮಕರಂದ ಹೀರುವ ಚಿಟ್ಟೆಯ ರೆಕ್ಕೆಗೆ ತಾಗಿ ಪರಾಗ ಅಂಟಿಸುವುದನ್ನು ಬರಿಗಣ್ಣಿನಿಂದಲೇ ನೋಡಬಹುದು. ಎರೆಯಲ್ಲಿ ನನಗೆ ಕಾಡಿದ್ದು ಹುಳುವಲ್ಲ, ನೀರು. ಮಳೆಗಾಲದಲ್ಲಿ ಬುಡದಲ್ಲಿ ನಿಂತ ನೀರು ಬೇರನ್ನು ಕೊಳೆಸುತ್ತದೆ, ಬೇಸಿಗೆಯಲ್ಲಿ ನೆಲ ಬಾಯಿಬಿಟ್ಟು ಬೇರನ್ನು ಹರಿಯುತ್ತದೆ. ಎರಡಡಿ ಗುಂಡಿಗೆ ಗರಸು, ತಿಪ್ಪೆಗೊಬ್ಬರ ಬೆರೆಸಿ, ಬುಡವನ್ನು ಸ್ವಲ್ಪ ಏರಿಸಿ ನೆಟ್ಟ ನಂತರವೇ ನನ್ನ ಗಿಡಗಳು ಉಳಿದವು. ಬಿರುಕುಗಳನ್ನು ಹೊಟ್ಟಿನಿಂದಲೋ ಒಣ ಎಲೆಯಿಂದಲೋ ಮುಚ್ಚಿಡಿ.

ಪ್ರಶ್ನೆ ಕೇಳಿದವರು:
ಪಂಪು ಎತ್ತಿಟ್ಟೆ. ಇಂದು ಬೆಳಿಗ್ಗೆ ಹುಡುಕಿದಾಗ ಎಲೆಯ ಕೆಳಗೆ, ನಡುವಿಗೆ ನೂಲು ಬಿಗಿದುಕೊಂಡ ಹಸಿರು ಗೂಡೊಂದು ಸಿಕ್ಕಿತು. ಎಲೆಯೇ ಮಡಿಚಿದೆಯೆಂದು ಎರಡು ಸಲ ದಾಟಿ ಹೋಗಿದ್ದೆ. ಹಕ್ಕಿಗಳು ತಿನ್ನದಂತೆ ಬಲೆ ಕಟ್ಟಬೇಕೇ?

ಉತ್ತರ (ರಾಯಚೂರು):
ಬೇಡ, ಹಾಗೆಯೇ ಬಿಡಿ. ಗೂಡಿನ ಹಸಿರು ಮಾಸಿ ಒಳಗಿನ ರೆಕ್ಕೆ ಹೊರಗೆ ಕಂಡರೆ, ಮರುದಿನ ಬೇಗನೆ ಎದ್ದು ಅಲ್ಲಿ ನಿಲ್ಲಿ.